ಎರಡೂ ಐ5, ಎರಡಕ್ಕೂ ಹತ್ತು ಕೋರ್. ಹಾಗಾದರೆ ಎರಡೂ ಒಂದೇನಾ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಂ, ಮದುವೆ ವಿಡಿಯೊ ಎರಡೂ ಮಾಡುತ್ತೇವೆ. ಹಳೆಯ ಡೆಸ್ಕ್‌ಟಾಪ್ ಸುಸ್ತಾಗಿದೆ. ಮಗಳು ಈ ವರ್ಷ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರುತ್ತಿದ್ದಾಳೆ, ಅವಳಿಗೂ ಒಂದು ಲ್ಯಾಪ್‌ಟಾಪ್ ಬೇಕು. ಅಂಗಡಿಯವರು ತೋರಿಸಿದ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಐ5-1335ಯು ಪ್ರೊಸೆಸರ್ ಇದೆ. ಡೆಸ್ಕ್‌ಟಾಪ್ ಕೊಟೇಶನ್‌ನಲ್ಲಿ ಐ5-13400ಎಫ್ ಇದೆ. ಎರಡೂ 13ನೇ ಜನರೇಷನ್, ಎರಡಕ್ಕೂ 10 ಕೋರ್, ಎರಡೂ 4.6 ಗಿಗಾಹರ್ಟ್ಸ್. ಹಾಗಿದ್ದರೆ ಎರಡು ಲ್ಯಾಪ್‌ಟಾಪ್ ತಗೊಂಡು ಒಂದಕ್ಕೆ ದೊಡ್ಡ ಮಾನಿಟರ್ ಹಾಕಿಕೊಂಡರೆ ಸಾಲದೇ? ಪರಿಚಯದವರೊಬ್ಬರು ಐ7-7500ಯು ಇರುವ ಹಳೆಯ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಐ7 ಅಂದರೆ ಐ5ಗಿಂತ ಮೇಲಲ್ಲವೇ?

ಉತ್ತರ: ಮೊದಲಿಗೆ, ಅಂಗಡಿಯವರು ನಿಮಗೆ ಸುಳ್ಳು ಹೇಳಿಲ್ಲ. ನೀವು ಬರೆದಿರುವ ಎಲ್ಲ ಅಂಕಿಗಳೂ ಸರಿಯಾಗಿವೆ. ಆದರೂ ಒಂದು ಗಂಟೆಯ ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ಗೆ (ಎಡಿಟ್ ಮಾಡಿದ್ದನ್ನು ಕೊನೆಯ ಫೈಲ್ ಮಾಡಲು) ಹಾಕಿದರೆ, ಡೆಸ್ಕ್‌ಟಾಪ್ ಕೆಲಸ ಮುಗಿಸಿ ಸುಮ್ಮನಾದ ಮೇಲೂ ಆ ಲ್ಯಾಪ್‌ಟಾಪ್ ಫ್ಯಾನ್ ತಿರುಗಿಸುತ್ತಾ ಕೂತಿರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಕೋರ್ ಅಂದರೆ ಪ್ರೊಸೆಸರ್ ಚಿಪ್ ಒಳಗೆ ಕೆಲಸ ಮಾಡುವ ಘಟಕ. ನೀವು ಮದುವೆ ಮನೆಗಳನ್ನು ನೋಡಿದವರು, ಅಲ್ಲಿನದೇ ಉದಾಹರಣೆ ಕೊಡುತ್ತೇನೆ. ಒಂದು ಅಡುಗೆಮನೆಯಲ್ಲಿ ಇಬ್ಬರು ನುರಿತ ಭಟ್ಟರು, ಎಂಟು ಜನ ಕೈಯಾಳುಗಳು. ಇನ್ನೊಂದರಲ್ಲಿ ಆರು ಜನ ಭಟ್ಟರು, ನಾಲ್ಕು ಜನ ಕೈಯಾಳುಗಳು. ಎರಡು ಕಡೆಯೂ ಲೆಕ್ಕ ಹತ್ತೇ. ಆದರೆ ಸಾವಿರ ಜನರ ಊಟ ಯಾರಿಗೆ ಒಪ್ಪಿಸುತ್ತೀರಿ?

ಇಂಟೆಲ್ 2021ರ ಕೊನೆಗೆ 12ನೇ ಜನರೇಷನ್ ತಂದಾಗ ತನ್ನ ಮುಖ್ಯ ಸಾಲಿನಲ್ಲಿ ಒಂದೇ ಚಿಪ್‌ಗೆ ಎರಡು ಜಾತಿಯ ಕೋರ್ ಇಡಲು ಶುರು ಮಾಡಿತು. ದೊಡ್ಡವು ಪಿ-ಕೋರ್, ಭಾರದ ಕೆಲಸಕ್ಕೆ. ಚಿಕ್ಕವು ಇ-ಕೋರ್, ಕಡಿಮೆ ಕರೆಂಟಿನಲ್ಲಿ ಚಿಲ್ಲರೆ ಕೆಲಸ ಮಾಡುವುದಕ್ಕೆ. ಫೋನ್‌ಗಳಲ್ಲಿ ಈ ಏರ್ಪಾಡು ಮುಂಚಿನಿಂದಲೇ ಇತ್ತು. ನಿಮ್ಮ ಲ್ಯಾಪ್‌ಟಾಪ್‌ನ 1335ಯು ಒಳಗೆ ಪಿ-ಕೋರ್ ಎರಡೇ ಎರಡು, ಉಳಿದ ಎಂಟೂ ಇ-ಕೋರ್. ಡೆಸ್ಕ್‌ಟಾಪ್‌ನ 13400ಎಫ್‌ನಲ್ಲಿ ಪಿ-ಕೋರ್ ಆರು, ಇ-ಕೋರ್ ನಾಲ್ಕು. ಡಬ್ಬದ ಮೇಲೆ ಎರಡಕ್ಕೂ 10 ಅಂತ ಬರೆದಿದ್ದಾರೆ, ಅಷ್ಟೇ.

ಇದು ಅರ್ಧ ಕತೆ. ಇನ್ನರ್ಧ ಒಲೆಯದು. ಎಷ್ಟು ಜನ ಭಟ್ಟರಿದ್ದರೇನು, ಗ್ಯಾಸ್ ಬರಬೇಕಲ್ಲ. ಪ್ರೊಸೆಸರ್‌ಗೆ ಆ ಗ್ಯಾಸ್ ಅಂದರೆ ವ್ಯಾಟ್. ಎರಡು ಪ್ರೊಸೆಸರ್ ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಗಿಗಾಹರ್ಟ್ಸ್ ಆಮೇಲೆ, ಕೋರ್ ಲೆಕ್ಕ ಆಮೇಲೆ. 1335ಯು ಚಿಪ್‌ಗೆ ಇಂಟೆಲ್ ಹಾಕಿಕೊಟ್ಟಿರುವ ಮೂಲ ಮಿತಿ 15 ವ್ಯಾಟ್. 13400ಎಫ್‌ಗೆ 65 ವ್ಯಾಟ್. ಜೋರು ಮಾಡಬೇಕಾದಾಗ ಮೊದಲನೆಯದು 55 ವ್ಯಾಟ್‌ವರೆಗೆ, ಎರಡನೆಯದು 148 ವ್ಯಾಟ್‌ವರೆಗೆ ಎಳೆಯಬಹುದು. 4.6 ಗಿಗಾಹರ್ಟ್ಸ್ ಎನ್ನುವುದು ಒಂದೆರಡು ಕೋರ್ ಸ್ವಲ್ಪ ಹೊತ್ತು ಮುಟ್ಟುವ ಗರಿಷ್ಠ ವೇಗ. ಎಲ್ಲ ಕೋರ್‌ಗಳೂ ದುಡಿಯುವಾಗ ಆ ವೇಗ ಇರುವುದಿಲ್ಲ.

ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಆ ಜೋರು ಎಷ್ಟು ಹೊತ್ತು? ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸು. ಅಷ್ಟರಲ್ಲಿ ಚಿಪ್ ಕಾದು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಿರುತ್ತದೆ. ಆಮೇಲೆ ಅದು ತಾನಾಗಿಯೇ ವೇಗ ಇಳಿಸಿಕೊಂಡು ಆ ಪುಟ್ಟ ಫ್ಯಾನ್ ಎಷ್ಟು ಬಿಸಿ ಹೊರಗೆ ಹಾಕುತ್ತದೋ ಅಷ್ಟರಲ್ಲೇ ಸಂಸಾರ ಮಾಡುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಮುಟ್ಟಿ ನೋಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಫೈಲ್ ತೆರೆಯುವುದು, ಬ್ರೌಸರ್, ಒಂದು ಫೋಟೊಗೆ ಒಂದು ಫಿಲ್ಟರ್ ಹಾಕುವುದು, ಇವೆಲ್ಲ ಕ್ಷಣದ ಕೆಲಸ. ಇವುಗಳಲ್ಲಿ ಎರಡೂ ಹೆಚ್ಚು ಕಡಿಮೆ ಸಮವೇ.

ನನಗೂ ಈ ಪಾಠ ಆಗಿದ್ದು ಕೈ ಸುಟ್ಟುಕೊಂಡೇ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಉಪನಯನದ ವಿಡಿಯೊ ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಲು ಹೋಗಿದ್ದೆ. ಶುರುವಿನಲ್ಲಿ 15 ನಿಮಿಷ ಅಂತ ತೋರಿಸಿತು. ಕಾಫಿ ಕುಡಿದು ಬಂದು ನೋಡಿದರೆ ಇನ್ನೂ 40 ನಿಮಿಷ ಬಾಕಿ ಇದೆ ಅನ್ನುತ್ತಿದೆ! ಅದನ್ನು ಹಾಸಿಗೆ ಮೇಲೆ ಇಟ್ಟಿದ್ದೆ, ಗಾಳಿ ಹೋಗುವ ಕಿಂಡಿಯೇ ಮುಚ್ಚಿಹೋಗಿತ್ತು. ತಪ್ಪು ನನ್ನದೇ. ಮರದ ಹಲಗೆ ಮೇಲೆ ಇಟ್ಟ ಮೇಲೆ ಸ್ವಲ್ಪ ಸುಧಾರಿಸಿತು, ಆದರೂ ಮೊದಲಿನ 15 ನಿಮಿಷದ ಮಾತು ಮಾತ್ರ ನಿಜವಾಗಲಿಲ್ಲ.

ಗಿಗಾಹರ್ಟ್ಸ್ ನೋಡಿ ಮೋಸ ಹೋಗುವುದು ಹೊಸದೇನಲ್ಲ. ಪೆಂಟಿಯಂ 4 ಕಾಲದಲ್ಲಿ ಇಂಟೆಲ್ಲೇ ಆ ಓಟಕ್ಕೆ ಬಿದ್ದಿತ್ತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುತ್ತೇವೆ ಅಂದವರು 2004ರಲ್ಲಿ ಅದನ್ನು ಕೈಬಿಟ್ಟರು. ಅಷ್ಟೊಂದು ಬಿಸಿ. 2006ರಲ್ಲಿ ಬಂದ 2.4 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ ತನಗಿಂತ ಎಷ್ಟೋ ಜಾಸ್ತಿ ಗಿಗಾಹರ್ಟ್ಸ್ ಇದ್ದ ಪೆಂಟಿಯಂ 4 ಚಿಪ್‌ಗಳನ್ನು ಹಿಂದೆ ಹಾಕಿತು. ಗಿಗಾಹರ್ಟ್ಸ್ ಹೇಳುವುದು ಚಿಪ್‌ನ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಟಿಕ್ ಅನ್ನುತ್ತದೆ ಅಂತ ಮಾತ್ರ. ಒಂದು ಟಿಕ್‌ಗೆ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದು ಒಂದೊಂದು ವಿನ್ಯಾಸಕ್ಕೂ ಬೇರೆ. ಹಾಗಾಗಿ ಬೇರೆ ಬೇರೆ ಕುಟುಂಬದ ಎರಡು ಚಿಪ್‌ಗಳ ಗಿಗಾಹರ್ಟ್ಸ್ ಪಕ್ಕ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ಅದೇ 13ನೇ ಜನರೇಷನ್‌ನಲ್ಲಿ ಐ5-13420ಎಚ್ ಅಂತ ಇನ್ನೊಂದು ಲ್ಯಾಪ್‌ಟಾಪ್ ಚಿಪ್ ಇದೆ. ಇದಕ್ಕೆ 8 ಕೋರ್ ಮಾತ್ರ. ಗರಿಷ್ಠ ವೇಗ ಅದೇ 4.6. ಕೊಟೇಶನ್‌ನಲ್ಲಿ ನೋಡಿದರೆ 1335ಯುಗಿಂತ ಕಡಿಮೆಯದು ಅನ್ನಿಸುತ್ತದೆ. ಆದರೆ ಇದರಲ್ಲಿ ಪಿ-ಕೋರ್ ನಾಲ್ಕು, ಮೂಲ ಮಿತಿ 45 ವ್ಯಾಟ್. ಹೊತ್ತು ಹಿಡಿಯುವ ಕೆಲಸದಲ್ಲಿ 8 ಕೋರ್‌ನ ಈ ಚಿಪ್ ಆ 10 ಕೋರ್‌ನದ್ದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಆದ್ದರಿಂದ ಕೊನೆಯ ಅಕ್ಷರ ಓದುವುದನ್ನು ರೂಢಿ ಮಾಡಿಕೊಳ್ಳಿ. ಯು ಅಂದರೆ ಕಡಿಮೆ ಕರೆಂಟು, ತೆಳ್ಳಗೆ, ಬ್ಯಾಟರಿ ಜಾಸ್ತಿ ಹೊತ್ತು. ಎಚ್ ಅಂದರೆ ಜಾಸ್ತಿ ಶಕ್ತಿ, ಜಾಸ್ತಿ ತೂಕ, ಫ್ಯಾನ್ ಸದ್ದೂ ಜಾಸ್ತಿ. ಎಚ್‌ಎಕ್ಸ್ ಅಂದರೆ ಡೆಸ್ಕ್‌ಟಾಪ್ ಚಿಪ್‌ನ ತಮ್ಮ, ಬೆಲೆಯೂ ಹಾಗೇ ಇರುತ್ತದೆ. ಡೆಸ್ಕ್‌ಟಾಪ್ ಕಡೆ ಎಫ್ ಎಂಬ ಅಕ್ಷರ ಇದ್ದರೆ ಚಿಪ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಈ ಎಫ್ ನಿಮಗೆ ಮುಖ್ಯ, ಮುಂದೆ ಹೇಳುತ್ತೇನೆ.

ಮೊದಲು ಆ ಐ7 ವಿಷಯ ಮುಗಿಸೋಣ, ಯಾಕೆಂದರೆ ಅದಕ್ಕೆ ಉತ್ತರ ಚಿಕ್ಕದು: ಬೇಡ. ಐ7-7500ಯು 2016ರ ಚಿಪ್. ಹೆಸರು ಐ7 ಆದರೂ ಒಳಗಿರುವುದು ಎರಡೇ ಕೋರ್. ಇವತ್ತಿನ ಲೆಕ್ಕಕ್ಕೆ ಹಳತೇ ಆದ ಐ3-1215ಯು ಕೂಡ ಆರು ಕೋರ್ ಇಟ್ಟುಕೊಂಡಿದೆ. ಜೊತೆಗೆ, 7ನೇ ಜನರೇಷನ್‌ನ ಈ ಚಿಪ್ಪನ್ನು ವಿಂಡೋಸ್ 11 ಒಪ್ಪುವುದಿಲ್ಲ, ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್‌ನಿಂದ ಮೇಲೆ ಇರಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೂ 'ಐ7, ಫ್ರೆಶ್ ಪೀಸ್' ಅಂತ ಇಂಥವನ್ನು ತೋರಿಸುವವರು ಸಿಗುತ್ತಾರೆ. ಅವರಿಗೆ ಪೂರ್ತಿ ನಂಬರ್ ಕೇಳಿ. ಐ7 ಅನ್ನುವುದು ಆ ವರ್ಷದ, ಆ ಸಾಲಿನ ಒಳಗಿನ ದರ್ಜೆ ಮಾತ್ರ. ಹತ್ತು ವರ್ಷದ ಹಿಂದಿನ ಕ್ಲಾಸಿನ ಮಾನಿಟರನ್ನು ಈ ವರ್ಷದ ಹುಡುಗರ ಜೊತೆ ಹೋಲಿಸಲು ಆಗುತ್ತದೆಯೇ?

ಒಂದೇ ವರ್ಷದ ಒಳಗೂ ಐ7 ಅಂತ ಕುರುಡಾಗಿ ದುಡ್ಡು ಕೊಡಬೇಡಿ. ಐ7-1355ಯು ಮತ್ತು ನಿಮಗೆ ತೋರಿಸಿದ ಐ5-1335ಯು, ಎರಡರಲ್ಲೂ ಅದೇ ಎರಡು ಪಿ-ಕೋರ್, ಅದೇ ಎಂಟು ಇ-ಕೋರ್, ಅದೇ 15 ವ್ಯಾಟ್. ಗರಿಷ್ಠ ವೇಗ 4.6 ಬದಲು 5.0, ಒಳಗಿನ ಗ್ರಾಫಿಕ್ಸ್ ಸ್ವಲ್ಪ ದೊಡ್ಡದು. ಆ ವ್ಯತ್ಯಾಸದ ದುಡ್ಡನ್ನು ರ‍್ಯಾಮ್‌ಗೆ ಹಾಕಿದರೆ ಜಾಸ್ತಿ ಉಪಯೋಗ.

ಇಂಟೆಲ್‌ನ ಎದುರಾಳಿ ಎಎಂಡಿ ಕಡೆ ಹೆಸರಿನ ಆಟ ಇನ್ನೂ ಒಂದು ಕೈ ಮೇಲು. ರೈಜನ್ 5 7520ಯು ಮತ್ತು ರೈಜನ್ 5 7530ಯು, ಒಂದೇ ಒಂದು ಅಂಕಿ ವ್ಯತ್ಯಾಸ ಅಲ್ವಾ? ಮೊದಲನೆಯದಕ್ಕೆ 4 ಕೋರ್, ವಿನ್ಯಾಸ 2019ರಲ್ಲಿ ಬಂದ ಜೆನ್ 2. ಎರಡನೆಯದಕ್ಕೆ 6 ಕೋರ್, ವಿನ್ಯಾಸ ಜೆನ್ 3. ಈ 7000 ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ವಿನ್ಯಾಸದ ವಯಸ್ಸು ಹೇಳುತ್ತದೆ: 2 ಇದ್ದರೆ ಜೆನ್ 2, 3 ಇದ್ದರೆ ಜೆನ್ 3 ಅಥವಾ ಅದರ ತಿದ್ದಿದ ರೂಪ, 4 ಇದ್ದರೆ ಜೆನ್ 4. ಮೊದಲ ಅಂಕಿ ಮಾರ್ಕೆಟಿಂಗ್‌ನವರದು. ಇಂಟೆಲ್ ಕೂಡ ಈಗ 'ಐ' ಅಕ್ಷರ ಬಿಟ್ಟಿದೆ. ಕೋರ್ ಅಲ್ಟ್ರಾ ಅಂತ ಒಂದು ಸಾಲು, ಬರೀ ಕೋರ್ ಅಂತ ಇನ್ನೊಂದು. 2024ರಲ್ಲಿ ಬಂದ ಕೋರ್ 5 120ಯು ಹೆಸರು ಹೊಸದು, ಒಳಗೆ ಮತ್ತದೇ 13ನೇ ಜನರೇಷನ್ ವಿನ್ಯಾಸ, ಎರಡು ಪಿ, ಎಂಟು ಇ. ಕೆಟ್ಟ ಚಿಪ್ ಏನಲ್ಲ. ಆದರೆ ಹೊಸ ಚಿಪ್‌ನ ಬೆಲೆ ಕೊಡಬೇಡಿ.

ಈಗ ನಿಮ್ಮ ಸ್ಟುಡಿಯೊ. ಅಲ್ಲಿಗೆ ಡೆಸ್ಕ್‌ಟಾಪೇ ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ದಿನಕ್ಕೆ ಎರಡು ಮೂರು ಎಕ್ಸ್‌ಪೋರ್ಟ್, ಸೀಸನ್‌ನಲ್ಲಿ ರಾತ್ರಿಯೆಲ್ಲ ರೆಂಡರ್. ಇಂಥ ಕೆಲಸಕ್ಕೆ ಬಿಸಿ ಹೊರಹಾಕುವ ಜಾಗ ಬೇಕು. ಆದರೆ ಆ 13400ಎಫ್ ಬೇಡ.

ಅಂಗಡಿಯವರ ಲೆಕ್ಕ ಹೀಗಿರುತ್ತದೆ: ಹೇಗಿದ್ದರೂ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೀರಿ, ಚಿಪ್ ಒಳಗಿನ ಗ್ರಾಫಿಕ್ಸ್ ಯಾಕೆ, ಎಫ್ ತಗೊಂಡರೆ ಸ್ವಲ್ಪ ಉಳಿಯುತ್ತದೆ. ಗೇಮ್ ಆಡುವ ಹುಡುಗರಿಗೆ ಇದು ಸರಿಯಾದ ಸಲಹೆ. ಮದುವೆ ವಿಡಿಯೊ ಮಾಡುವವರಿಗೆ ಅಲ್ಲ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಚ್‌ಇವಿಸಿ (ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ), 10 ಬಿಟ್, 4:2:2 (ಬಣ್ಣದ ವಿವರ ಜಾಸ್ತಿ ಉಳಿಸುವ ಅಳತೆಗಳು) ಅಂತ ಒಂದು ರೆಕಾರ್ಡಿಂಗ್ ಆಯ್ಕೆ ಇರುತ್ತದೆ. ಬಣ್ಣ ಚೆನ್ನಾಗಿ ತಿದ್ದಬಹುದು ಅಂತ ಎಷ್ಟೋ ಜನ ಅದರಲ್ಲೇ ಶೂಟ್ ಮಾಡುತ್ತಾರೆ. ಆ ಫೈಲನ್ನು ಟೈಮ್‌ಲೈನ್‌ಗೆ ಎಳೆದ ಕೂಡಲೇ ಕಂಪ್ಯೂಟರ್ ಮುಗ್ಗರಿಸಲು ಶುರು. ಇದನ್ನು ಬಿಡಿಸಲು ಬೇಕಾದ ಹಾರ್ಡ್‌ವೇರ್ ಇಂಟೆಲ್ ಚಿಪ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ 11ನೇ ಜನರೇಷನ್‌ನಿಂದ ಇದೆ. ಕ್ವಿಕ್ ಸಿಂಕ್ ಅನ್ನುತ್ತಾರೆ. ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಈ 4:2:2 ಬಿಡಿಸಲು ಬಂದಿದ್ದು ಆರ್‌ಟಿಎಕ್ಸ್ 50 ಸಾಲಿನಲ್ಲಿ. ಅಂದರೆ ಹಳೆಯ ಸಾಲಿನ ಕಾರ್ಡ್ ಎಷ್ಟೇ ದೊಡ್ಡದಿದ್ದರೂ ಈ ಒಂದು ಕೆಲಸದಲ್ಲಿ ಕೈಕಟ್ಟಿ ಕೂರುತ್ತದೆ, ಚಿಪ್ ಒಳಗಿನ ಪುಟ್ಟ ಗ್ರಾಫಿಕ್ಸ್ ಸರಾಗವಾಗಿ ಮಾಡುತ್ತದೆ. ಎಫ್ ತಗೊಂಡರೆ ಅದನ್ನೇ ಕಳೆದುಕೊಂಡ ಹಾಗೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಐ5-13500 ಅಥವಾ ಐ5-14500 ಕೇಳುತ್ತಿದ್ದೆ. ಎರಡರಲ್ಲೂ ಆರು ಪಿ, ಎಂಟು ಇ, ಒಟ್ಟು 14 ಕೋರ್. ಒಳಗಿನ ಗ್ರಾಫಿಕ್ಸ್ ಯುಎಚ್‌ಡಿ 770. 13400ರಲ್ಲಿರುವ ಯುಎಚ್‌ಡಿ 730ಕ್ಕಿಂತ ಇದು ವಿಡಿಯೊ ಕೆಲಸಕ್ಕೆ ಮೇಲು, ವಿಡಿಯೊ ಬಿಡಿಸುವ ಎಂಜಿನ್ ಇದರಲ್ಲಿ ಎರಡಿವೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಕೂಡಲೇ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಆಫ್ ಮಾಡಿಬಿಡುತ್ತವೆ. ಅಸೆಂಬಲ್ ಮಾಡುವವರಿಗೆ ಹೇಳಿ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್‌ನಲ್ಲಿ) ಅದನ್ನು ಆನ್ ಮಾಡಿಸಿಕೊಳ್ಳಿ.

ಐ7, ಐ9ಗೆ ಹೋಗಬಹುದೇ ಅಂದರೆ, ಹೋಗಬಹುದು. ಆದರೆ 13 ಮತ್ತು 14ನೇ ಜನರೇಷನ್‌ನ ದೊಡ್ಡ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಒಂದು ಕಾಯಿಲೆ ಇತ್ತು. ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಕೇಳಿ ಚಿಪ್ ನಿಧಾನಕ್ಕೆ ಹಾಳಾಗುತ್ತಿತ್ತು, ಕಂಪ್ಯೂಟರ್ ಸುಮ್‌ಸುಮ್ನೆ ಕ್ರ್ಯಾಶ್ ಆಗುತ್ತಿತ್ತು. ಇಂಟೆಲ್ 2024ರಲ್ಲಿ ಇದನ್ನು ಒಪ್ಪಿಕೊಂಡು ಬಯಾಸ್ ಮೂಲಕ ಸರಿಪಡಿಸುವ ಕೋಡ್ ಕೊಟ್ಟಿತು, ತೊಂದರೆಗೆ ಸಿಕ್ಕಬಹುದಾದ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸ ಚಿಪ್‌ಗೆ ಹೊಸ ಬಯಾಸ್ ಹಾಕಿಸಿದರೆ ಚಿಂತೆಯಿಲ್ಲ. ಸೆಕೆಂಡ್ ಹ್ಯಾಂಡ್ ಐ9 ಮಾತ್ರ ಮುಟ್ಟಬೇಡಿ, ಅದು ಮುಂಚೆ ಎಷ್ಟು ವೋಲ್ಟೇಜ್ ಕುಡಿದಿದೆ ಅಂತ ಯಾರಿಗೆ ಗೊತ್ತು?

ಎಎಂಡಿ ಬೇಡವೇ ಅಂತ ಯಾರಾದರೂ ಕೇಳಿಯಾರು. ನನ್ನ ಸ್ವಂತ ಡೆಸ್ಕ್‌ಟಾಪ್ ರೈಜನ್ನೇ. ಎಎಂ5 ಸಾಕೆಟ್ (ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗ) ಅನ್ನು 2027ರವರೆಗಾದರೂ ಮುಂದುವರಿಸುತ್ತೇವೆ ಅಂತ ಎಎಂಡಿ ಹೇಳಿದೆ, ಅದೇ ಬೋರ್ಡ್‌ಗೆ ಮುಂದೆ ಹೊಸ ಚಿಪ್ ಹಾಕಬಹುದು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 14ನೇ ಜನರೇಷನ್‌ಗೆ ಮುಗಿಯಿತು. ಆದರೆ ಸ್ಟುಡಿಯೊದವರು ಚಿಪ್ ಬದಲಿಸಿದ್ದನ್ನು ನಾನು ನೋಡಿಲ್ಲ. ಕೈಕೊಡುವವರೆಗೂ ಓಡಿಸಿ ಆಮೇಲೆ ಪೂರ್ತಿ ಸೆಟ್ಟೇ ಬದಲಿಸುತ್ತಾರೆ. ನೀವೂ ಅದನ್ನೇ ತಾನೇ ಮಾಡುತ್ತಿರುವುದು? ಬರೀ ಫೋಟೊ ಆಲ್ಬಂ ಆಗಿದ್ದರೆ ಆರು ಕೋರ್‌ನ ರೈಜನ್ 5 7600 ಧಾರಾಳ ಸಾಕು ಅನ್ನುತ್ತಿದ್ದೆ. ನಿಮ್ಮ ವಿಡಿಯೊ ಕೆಲಸದ ಕಾರಣಕ್ಕೆ ಇಂಟೆಲ್ ಕಡೆ ವಾಲುತ್ತಿದ್ದೇನೆ. ಇನ್ನು, ಅಕ್ಕಪಕ್ಕದ ಹುಡುಗರು ರೈಜನ್ 7 7800ಎಕ್ಸ್3ಡಿ ತಗೊಳ್ಳಿ ಅಂಕಲ್ ಅಂತಾರೆ. ಅದರ 96 ಎಂಬಿ ಕ್ಯಾಶ್ (ಚಿಪ್ ಒಳಗಿನ ಚುರುಕು ಮೆಮೊರಿ) ಗೇಮ್‌ಗಳಿಗೆ ವರ. ನಿಮ್ಮ ಆಲ್ಬಂಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಯುಪಿಎಸ್ ಮರೆಯಬೇಡಿ. ಮಾಮೂಲಿ 600 ವಿಎ ಯುಪಿಎಸ್ ಕೊಡುವುದು ಹೆಚ್ಚು ಕಡಿಮೆ 360 ವ್ಯಾಟ್. ಚಿಪ್ ಒಂದೇ 150 ವ್ಯಾಟ್ ಮುಟ್ಟಬಹುದು. ಜೊತೆಗೆ ಗ್ರಾಫಿಕ್ಸ್ ಕಾರ್ಡ್, ಮಾನಿಟರ್. ಎಕ್ಸ್‌ಪೋರ್ಟ್ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಕುಂಯ್ ಅಂತ ಅದೂ ಕೈಕೊಡುತ್ತದೆ. 1 ಕೆವಿಎ ತಗೊಳ್ಳಿ.

ಮಗಳ ಲ್ಯಾಪ್‌ಟಾಪ್ ಬೇರೆ ಲೆಕ್ಕ. ಮೊದಲ ವರ್ಷದ ಸಿ ಪ್ರೋಗ್ರಾಂ, ಪೈಥಾನ್ ಇವೆಲ್ಲ ಯಾವ ಚಿಪ್‌ನಲ್ಲಾದರೂ ಓಡುತ್ತವೆ. ಭಾರ ಬೀಳುವುದು ಮೂರನೇ ವರ್ಷದ ಹೊತ್ತಿಗೆ, ಆಂಡ್ರಾಯ್ಡ್ ಸ್ಟುಡಿಯೊ, ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಅಂತ ಶುರುವಾದಾಗ. ಆಗಲೂ ಮೊದಲು ಕೊರತೆಯಾಗುವುದು ರ‍್ಯಾಮ್, ಪ್ರೊಸೆಸರ್ ಆಮೇಲೆ. ನಿಮಗೆ ತೋರಿಸಿದ 1335ಯು ಅವಳಿಗೆ ನಡೆಯುತ್ತದೆ, ರ‍್ಯಾಮ್ 16 ಜಿಬಿ ಇದ್ದರೆ. 8 ಜಿಬಿ ಇದ್ದರೆ ಬೇಡ. ಬೆಲೆ ಹತ್ತಿರದಲ್ಲೇ 13420ಎಚ್ ಸಿಕ್ಕರೆ ಅವಳನ್ನೇ ಕೇಳಿ. ಹಾಸ್ಟೆಲ್‌ನಲ್ಲಿ ಮೇಜಿನ ಮೇಲೆ ಇಟ್ಟು ಬಳಸುವುದಾದರೆ ಎಚ್ ಒಳ್ಳೆಯದು. ದಿನಾ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕ್ಲಾಸಿನಲ್ಲಿ ಪ್ಲಗ್ ಹುಡುಕಬೇಕಾದರೆ ಯು ಸಾಕು. ಬ್ಯಾಟರಿಯಲ್ಲಿ ಓಡುವಾಗ ಎಚ್ ಚಿಪ್‌ಗಳು ಹೇಗಿದ್ದರೂ ವೇಗ ತಗ್ಗಿಸಿಕೊಳ್ಳುವುದೇ ಜಾಸ್ತಿ.

ಮ್ಯಾಕ್‌ಬುಕ್ ಏರ್ ಬಗ್ಗೆ ಅವಳು ಕೇಳಿಯೇ ಕೇಳುತ್ತಾಳೆ. 2020ರಲ್ಲಿ ಎಂ1 ಬಂದಾಗಿನಿಂದ ಅದರಲ್ಲಿ ಫ್ಯಾನೇ ಇಲ್ಲ, ಬ್ಯಾಟರಿ ವಿಷಯದಲ್ಲಿ ಅದನ್ನು ಮೀರಿಸುವುದು ಕಷ್ಟ. ಕಂಪ್ಯೂಟರ್ ಸೈನ್ಸ್‌ಗೆ ಚೆನ್ನಾಗಿ ಹೊಂದುತ್ತದೆ. ರ‍್ಯಾಮ್ ಮಾತ್ರ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಬ್ಯಾಟರಿಯಲ್ಲಿ ಗಟ್ಟಿ. ಆದರೆ ಅದು ಆರ್ಮ್ ಚಿಪ್, ಇಂಟೆಲ್, ಎಎಂಡಿ ಚಿಪ್‌ಗಳ ಭಾಷೆ ಅದಕ್ಕೆ ಬರುವುದಿಲ್ಲ. ಹಳೆಯ ಸಾಫ್ಟ್‌ವೇರ್‌ಗಳನ್ನು ಅನುವಾದ ಮಾಡಿಕೊಂಡು ಓಡಿಸುತ್ತದೆ, ಡ್ರೈವರ್‌ಗಳನ್ನು (ಪ್ರಿಂಟರ್‌ನಂಥ ಸಾಧನ ನಡೆಸುವ ಸಾಫ್ಟ್‌ವೇರ್) ಹಾಗೆ ಓಡಿಸಲು ಬರುವುದಿಲ್ಲ. ನಿಮ್ಮ ಆಲ್ಬಂ ಸಾಫ್ಟ್‌ವೇರ್‌ನ ಡಾಂಗಲ್ (ಲೈಸೆನ್ಸ್ ಇರುವ ಯುಎಸ್‌ಬಿ ಕೀಲಿ), ಫೋಟೊ ಪ್ರಿಂಟರ್, ಇವಕ್ಕೆಲ್ಲ ಡ್ರೈವರ್ ಬೇಕು. ಮಗಳ ಲ್ಯಾಪ್‌ಟಾಪನ್ನು ಸೀಸನ್‌ನಲ್ಲಿ ನೀವೂ ಬಳಸುವ ಯೋಚನೆ ಇದ್ದರೆ ಅದರ ತಂಟೆ ಬೇಡ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಎರಡು ಕೆಲಸ ಮಾಡಿ. ಒಂದು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ಗೆ ಹೋಗಿ. ಅಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು ಕಾಣುತ್ತದೆ. ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ತುಂಬಿದೆ ಅಂತ ಕಾಣುತ್ತದೆ. ಎರಡು ಸ್ಲಾಟ್‌ನಲ್ಲಿ ಒಂದೇ ತುಂಬಿದ್ದರೆ ಇನ್ನೊಂದಕ್ಕೂ ಅಷ್ಟೇ ಅಳತೆಯ ರ‍್ಯಾಮ್ ಹಾಕಿಸಿ. 1335ಯು ಒಳಗಿನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್, ರ‍್ಯಾಮ್ ಒಂದೇ ಇದ್ದರೆ ಬರೀ ಯುಎಚ್‌ಡಿ ಅಂತ ತೋರಿಸಿಕೊಂಡು ಸೊರಗುತ್ತದೆ. ಎರಡು, ಸಿನೆಬೆಂಚ್ ಎಂಬ, ಪ್ರೊಸೆಸರ್ ವೇಗ ಅಳೆಯುವ ಉಚಿತ ಸಾಫ್ಟ್‌ವೇರ್ ಹಾಕಿ 10 ನಿಮಿಷದ ಟೆಸ್ಟ್ ಓಡಿಸಲು ಹೇಳಿ. ಒಂದು ಸುತ್ತಿನ ಅಂಕ ನೋಡಬೇಡಿ, 10 ನಿಮಿಷ ಕಳೆದ ಮೇಲಿನ ಅಂಕ ನೋಡಿ. ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳಲ್ಲೂ ಈ ಅಂಕ ಬೇರೆ ಬೇರೆ ಬರಬಹುದು. ಎಷ್ಟು ವ್ಯಾಟ್ ಬಿಡಬೇಕು ಅಂತ ಕೊನೆಗೆ ತೀರ್ಮಾನಿಸುವವರು ಲ್ಯಾಪ್‌ಟಾಪ್ ಮಾಡಿದವರು.

ಮನೆಗೆ ಹೋಗಿ ಅದೇ ಟಾಸ್ಕ್ ಮ್ಯಾನೇಜರನ್ನು ನಿಮ್ಮ ಹಳೆಯ ಡೆಸ್ಕ್‌ಟಾಪ್‌ನಲ್ಲೂ ತೆಗೆದು ಒಂದು ಆಲ್ಬಂ ಕೆಲಸ ಮಾಡಿ ನೋಡಿ. ಸಿಪಿಯು 30, 40 ಪರ್ಸೆಂಟ್‌ನಲ್ಲೇ ಇದ್ದು ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದರೆ, ಸುಸ್ತಾಗಿರುವುದು ಹಳೆಯ ಹಾರ್ಡ್ ಡಿಸ್ಕ್. ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿದರೆ ಆಲ್ಬಂ ಕೆಲಸಕ್ಕೆ ಇನ್ನೂ ಎರಡು ವರ್ಷ ಬರುತ್ತದೆ, ಹೊಸ ಮೆಷಿನ್ ವಿಡಿಯೊಗೆ ಮಾತ್ರ ಮೀಸಲಿಡಬಹುದು. ಏನು ತೋರಿಸಿತು ಅಂತ ಬರೆಯಿರಿ.